ಅತ್ತೆಗೆ ಕಳಿಸಿದ ಅರ್ಧ ಗ್ರಾಂ ಚಿನ್ನ

ಗಂಡ ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಅತ್ತೆಯ ಮೊಬೈಲ್ ಕೈಗೆತ್ತಿಕೊಂಡಾಗಲೇ ನಾನು ಎದ್ದು ಅಡುಗೆಮನೆಗೆ ಹೋಗಿಬಿಡಬೇಕಿತ್ತು.

ಹೋಗಲಿಲ್ಲ. ಮಜಾ ನೋಡುತ್ತ ಕೂತೆ.

ನಮ್ಮ ಮನೆ ಹೈದರಾಬಾದಿನ ತಾರ್ನಾಕದಲ್ಲಿ. ಗಂಡ ಶ್ರೀಕಾಂತ ಗಚ್ಚಿಬೌಲಿಯಲ್ಲಿ ಕೆಲಸ ಮಾಡುತ್ತಾರೆ, ನಾನು ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯ ಆಫೀಸಿನಲ್ಲಿ. ವಿಜಯಪುರದ ಕಡೆಯ ಅತ್ತೆ ನಮ್ಮ ಜೊತೆಗೇ ಇರುತ್ತಾರೆ.

ಒಂದು ವರ್ಷದಿಂದ ನಮ್ಮ ಯಜಮಾನರಿಗೆ ಚಿನ್ನದ ಡಿಜಿಟಲ್ ನಾಣ್ಯದ ಹುಚ್ಚು. ಆ್ಯಪ್‌ನಲ್ಲಿ ಒಂದು ನಾಣ್ಯ ಕೊಂಡರೆ ಎಲ್ಲೋ ಒಂದು ತಿಜೋರಿಯಲ್ಲಿ ಒಂದು ಗ್ರಾಂ ಚಿನ್ನ ನಮಗಾಗಿ ಕೂತಿರುತ್ತದಂತೆ.

ಅತ್ತೆಗೂ ಆ ಆ್ಯಪ್‌ನಲ್ಲಿ ಒಂದು ವಾಲೆಟ್, ಅಂದರೆ ಖಾತೆ, ತೆರೆದುಕೊಟ್ಟು, ಹುಟ್ಟುಹಬ್ಬಕ್ಕೆ ಒಂದು ಗ್ರಾಂ ಕಳಿಸಿದ್ದರು. ನಾನೂ ಅರ್ಧ ಗ್ರಾಂ ಕಳಿಸಿದ್ದೆ... ಒಳ್ಳೆ ಸೊಸೆ ಅನ್ನಿಸಿಕೊಳ್ಳಬೇಕಲ್ಲ.

ಆ ಭಾನುವಾರ ಅತ್ತೆಯ ವಿಚಾರಣೆ ಶುರುವಾಯಿತು. ತಿಜೋರಿ ಎಲ್ಲಿದೆ? ಹೊರದೇಶದಲ್ಲಿ. ನೋಡಿದವರು ಯಾರು? ಆಡಿಟರ್‌ಗಳು. ಆ ಆಡಿಟರ್‌ಗಳನ್ನು ನೋಡಿದವರು? ಇವರು ನೀರು ಕುಡಿದರು.

"ಒಮ್ಮೆ ಎಲ್ಲಾ ಗುಟ್ಟು ಅಂತೀ, ಒಮ್ಮೆ ಎಲ್ಲಾರಿಗೂ ಕಾಣತೈತಿ ಅಂತೀ. ಎರಡರಾಗ ಯಾವುದು ಖರೆ?"

"ಎರಡೂ ಖರೇನ, ಅವ್ವಾ. ಲೆಕ್ಕ ಎಲ್ಲಾರಿಗೂ ಕಾಣತೈತಿ, ಅದು ಟ್ರಾನ್ಸ್‌ಪರೆನ್ಸಿ. ಹೆಸರು ಯಾರಿಗೂ ಕಾಣಂಗಿಲ್ಲ, ಅದು ಪ್ರೈವಸಿ."

ಅಂದವರೇ ತೋರಿಸಲು ಅತ್ತೆಯ ವಾಲೆಟ್ ತೆರೆದರು. ಕೈಗೆ ಸಿಕ್ಕಿದ್ದು ಅರ್ಧ ಗ್ರಾಮಿನ ಸಾಲು. ಒತ್ತಿದರೆ ಕಳಿಸಿದವರ ಉದ್ದನೆಯ ನಂಬರ್, ಅದನ್ನು ಒತ್ತಿದರೆ ಅವರ ವಾಲೆಟ್‌ನಲ್ಲಿರುವುದೆಲ್ಲ.

ಹೆಸರಿಲ್ಲ, ಸರಿ. ಆದರೆ ಅತ್ತೆಗೆ ಅರ್ಧ ಗ್ರಾಂ ಕಳಿಸಿದವಳು ಈ ಪ್ರಪಂಚದಲ್ಲಿ ನಾನೊಬ್ಬಳೇ!

ನನ್ನ ಹತ್ತಿರ ಎರಡು ಗ್ರಾಂ ಇದೆ ಎಂದು ಇವರಿಗೆ ಹೇಳಿದ್ದೆ. ಅಲ್ಲಿ ಇಪ್ಪತ್ತೇಳು ಕಾಣುತ್ತಿದೆ.

ಇವರು ನಿಧಾನಕ್ಕೆ ತಲೆಯೆತ್ತಿ ನನ್ನನ್ನು ನೋಡುತ್ತಾರೆ. ನಾನು ಸರಿಸಿಟ್ಟ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತೇನೆ.

ಎಷ್ಟು ದಿನದಿಂದ, ಯಾಕೆ ಮುಚ್ಚಿಟ್ಟೆ ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ಅದೇ ಕಷ್ಟವಾಯಿತು. ನನ್ನದೇ ಸಂಬಳದ ಉಳಿತಾಯ, ಆದರೂ ಸಿಕ್ಕಿಬಿದ್ದ ಕಳ್ಳಿಯ ಹಾಗೆ ಕಣ್ಣು ತುಂಬಿತು.

ಆಗ ಅತ್ತೆ ಬಾಯಿ ತೆರೆದರು.

"ಹಂಗಾರ ಮ್ಯಾಲಿನ ಸಾಲೂ ಒತ್ತಪಾ. ಆ ಒಂದು ಗ್ರಾಮಿಂದು."

ಇವರು ನೆಟ್‌ವರ್ಕ್ ಸ್ಲೋ ಐತಿ ಎಂದರು. ಅತ್ತೆ ಮೊಬೈಲ್ ಕಿತ್ತುಕೊಂಡು ತಾವೇ ಒತ್ತಿದರು.

ಹತ್ತು ಗ್ರಾಂ ಇದೆ ಎಂದಿದ್ದ ನನ್ನ ಪತಿದೇವರ ಹತ್ತಿರ ನಲವತ್ತೆಂಟು!

ಅತ್ತೆಗೆ ನಾಲ್ಕು ತಿಂಗಳಿಂದ ಎರಡೂ ಗೊತ್ತಿತ್ತು. ಪಕ್ಕದ ಮನೆಯ ಕಾಲೇಜು ಹುಡುಗಿ ನೋಡುವುದು ಹೇಗೆಂದು ಕಲಿಸಿದ್ದಳಂತೆ. ಸೀರಿಯಲ್‌ಗಿಂತ ಇದೇ ಚಲೋ ಇತ್ತು ಎಂದು ಎದ್ದು ಕೈ ತೊಳೆಯಲು ಹೋದರು.

ಮೂರು ದಿನ ನಾವಿಬ್ಬರೂ ಮಾತಾಡಲಿಲ್ಲ. ನಾಲ್ಕನೆಯ ದಿನ ಇವರೇ ಚಹಾ ಮಾಡಿ ತಂದರು. ಮುಚ್ಚಿಟ್ಟ ಕಾರಣ ಆಗ ಹೊರಬಂತು. ಗೊತ್ತಾದರೆ ನಾನು ಬಳೆ ಮಾಡಿಸಿ ಅಂತೀನಿ ಎಂದು ಇವರಿಗೆ ಭಯ. ಇವರು ನನ್ನ ಉಳಿತಾಯವನ್ನೂ ಮುಂದಿನ ಹುಚ್ಚಿಗೆ ಸುರಿಯುತ್ತಾರೆಂದು ನನಗೆ. ನಗು ತಡೆಯಲಾಗಲಿಲ್ಲ.

ಆದರೆ ಅತ್ತೆ ಬಿಡಬೇಕಲ್ಲ. ಇಬ್ಬರಿಂದಲೂ ಐದೈದು ಗ್ರಾಂ ತೆಗೆಸಿ, ನಿಜವಾದ ಚಿನ್ನವನ್ನೇ ತರಿಸಿ ಎಂದು ತೀರ್ಪು ಕೊಟ್ಟರು.

ಆ್ಯಪ್‌ನವರಿಗೆ ಅರ್ಜಿ ಹಾಕಿದೆವು. ಆಧಾರ್ ಕೇಳಿದರು, ಪ್ಯಾನ್ ಕೇಳಿದರು, ಸೆಲ್ಫಿ ವಿಡಿಯೋ ಕೇಳಿದರು. ಹೆಸರೇ ಕಾಣದ ನಾಣ್ಯಕ್ಕೆ ನನ್ನ ಎಡಗೆನ್ನೆ, ಬಲಗೆನ್ನೆ ಎರಡೂ ಬೇಕಾದವು.

ಮೂರು ವಾರಕ್ಕೆ ಕೊರಿಯರ್‌ನಲ್ಲಿ ಇಬ್ಬರ ಪಾಲೂ ಸೇರಿ ಹತ್ತು ಗ್ರಾಮಿನ ಒಂದು ಚಿನ್ನದ ನಾಣ್ಯ ಬಂತು. ಅತ್ತೆ ನಮ್ಮಿಬ್ಬರನ್ನೂ ಆಟೋ ಹತ್ತಿಸಿ, ಮೆಹದಿಪಟ್ಟಣಂನಲ್ಲಿರುವ ತಮ್ಮ ಪರಿಚಯದ ಅಕ್ಕಸಾಲಿಗನ ಹತ್ತಿರ ಕರೆದೊಯ್ದರು. ಆತ ಒರೆಗಲ್ಲಿಗೆ ಉಜ್ಜಿ ನೋಡಿ ತಲೆಯಾಡಿಸಿದ.

ಅತ್ತೆ ನಾಣ್ಯವನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡು ನಮ್ಮ ಕಡೆ ತಿರುಗಿದರು.

"ಬಂಗಾರ ಖರೇನ ಐತಿ. ನೀವಿಬ್ಬರೂ ಖೋಟಾ."

ನಾಣ್ಯ ಈಗ ಅತ್ತೆಯ ಬೀರುವಿನಲ್ಲಿದೆ, ಕೀಲಿ ಎಲ್ಲಿದೆಯೋ ನಮಗಿಬ್ಬರಿಗೂ ಗೊತ್ತಿಲ್ಲ... ಇದಕ್ಕೆ ಏನಂತೀರಿ, ಪ್ರೈವಸಿನಾ, ಟ್ರಾನ್ಸ್‌ಪರೆನ್ಸಿನಾ?