ದಿನ ಬಿಟ್ಟು ದಿನ ನುಂಗಿದ ಮಾತ್ರೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಯಶವಂತಪುರದಲ್ಲಿ ಬಾಡಿಗೆಗಿದ್ದೆವು. ಮಗಳಿನ್ನೂ ಚಿಕ್ಕವಳು. ಹಟ ಹಿಡಿದು ಅರ್ಜಿ ಹಾಕಿದ್ದ ನನಗೆ ಟೀಚರ್ ಟ್ರೈನಿಂಗ್ ಸೀಟು ಸಿಕ್ಕಿತ್ತು. ಅದು ಮುಗಿಯುವ ತನಕ ಇನ್ನೊಂದು ಮಗು ಬೇಡವೆಂದು ಇಬ್ಬರೂ ಮಾತಾಡಿಕೊಂಡು, ಇವರು ಡಾಕ್ಟರ ಹತ್ತಿರ ಗರ್ಭನಿರೋಧಕ ಮಾತ್ರೆ ಬರೆಸಿಕೊಂಡು ಬಂದರು.

ಮಾತ್ರೆ ನನ್ನ ಮೈಗೆ ಒಗ್ಗಲಿಲ್ಲ. ಬೆಳಿಗ್ಗೆ ಎದ್ದರೆ ತಲೆಭಾರ, ಒಗ್ಗರಣೆ ವಾಸನೆಗೇ ವಾಕರಿಕೆ. ಚಿಕ್ಕಜಾಲದಿಂದ ಬಂದಿದ್ದ ಅಮ್ಮ ನೋಡಿದ್ದೇ ತಡ, ತೀರ್ಪು ಕೊಟ್ಟುಬಿಟ್ಟಳು. "ಉಷ್ಣ ಕಣಮ್ಮ. ದಿನಾ ನುಂಗುದ್ರೆ ಇಂಗೇ ಆಗಾದು. ದಿನ ಬುಟ್ಟು ದಿನ ತಕ್ಕೊ, ಮೈ ತಣ್ಣಗಾಯ್ತದೆ." ಜೊತೆಗೆ ಒಂದು ಚೊಂಬು ಮಜ್ಜಿಗೆ.

ನನಗೆ ಅನುಮಾನ. ಆದರೆ ಇಂಥದ್ದನ್ನೆಲ್ಲ ಗಂಡಸು ಡಾಕ್ಟರ ಮುಂದೆ ಹೆಂಗಸು ಬಾಯಿಬಿಟ್ಟು ಕೇಳುವ ಕಾಲವಲ್ಲ ಅದು. ಇವರನ್ನೇ ಕಳಿಸಿದೆ. ವಾಪಸು ಬಂದವರು ಚಪ್ಪಲಿ ಬಿಡುತ್ತಲೇ, "ಪರವಾಗಿಲ್ವಂತೆ ಕಣೇ, ಹಾಗೇ ತಗೋಬಹುದಂತೆ" ಎಂದರು. ಬೇಸಿಗೆ ಪೂರ್ತಿ ದಿನ ಬಿಟ್ಟು ದಿನ ನುಂಗಿದೆ. ವಾಕರಿಕೆ ನಿಂತಿತು. ಅಮ್ಮನ ವೈದ್ಯವೇ ಸರಿ ಅಂದುಕೊಂಡೆ.

ಮಳೆ ಶುರುವಾಗುವಷ್ಟರಲ್ಲಿ ವಾಕರಿಕೆ ಮತ್ತೆ ಬಂತು. ಈ ಸಲ ಬಸುರಿನದು.

ಆಗ ಮಾತ್ರ ನಾನೂ ಇವರ ಜೊತೆ ಡಾಕ್ಟರ ಹತ್ತಿರ ಹೋದೆ. ದಿನ ಬಿಟ್ಟು ದಿನ ನುಂಗಿದ್ದು ಕೇಳಿ ಅವರು ರೇಗಿದರು. "ದಿನಾ ತಪ್ಪದೆ ತಗೊಂಡ್ರೆ ತಾನೇ ಅದು ಕೆಲಸ ಮಾಡೋದು? ಆ ಸಂಕಟ ಎರಡು ಮೂರು ತಿಂಗಳಲ್ಲಿ ತಾನಾಗೇ ಹೋಗೋದು. ಹೋಗ್ಲಿಲ್ಲ ಅಂದ್ರೆ ಬೇರೆ ಮಾತ್ರೆ ಕೊಡ್ತಿದ್ದೆ. ಕೇಳ್ಬಾರದಿತ್ತಾ?"

"ನೀವೇ ಹೇಳಿದ್ರಂತಲ್ಲಾ ಡಾಕ್ಟ್ರೇ?" ಎಂದೆ. ಡಾಕ್ಟರು ಇವರ ಮುಖ ನೋಡಿದರು. ಇವರು ತೂಕದ ಯಂತ್ರ ನೋಡುತ್ತಾ ನಿಂತರು.

ದಾರಿಯಲ್ಲಿ ಬಾಯಿಬಿಟ್ಟರು. "ಅವತ್ತು ಅಲ್ಲಿ ತುಂಬಾ ಜನ ಕೂತಿದ್ರು ಕಣೇ. ಹೆಂಗೆ ಕೇಳ್ಲಿ? ಕೆಮ್ಮು ಅಂತ ಹೇಳಿ ಔಷಧಿ ಈಸ್ಕೊಂಡು ಬಂದ್ಬಿಟ್ಟೆ."

ಆ ವರ್ಷ ಟ್ರೈನಿಂಗ್ ಬಿಟ್ಟೆ. ಮುಂದಿನ ವರ್ಷ ಸೇರಿದರಾಯಿತು ಎಂದು ಎಲ್ಲರೂ ಹೇಳಿದರು. ಇಬ್ಬರು ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆಂದು ಯಾರೂ ಹೇಳಲಿಲ್ಲ.

ಮಗ ಹುಟ್ಟಿದ. ಅವನ ಮೇಲೆ ಒಂದು ದಿನವೂ ನನಗೆ ಬೇಸರವಾಗಿಲ್ಲ. ಇವರ ಮೇಲೆ ಆಗಿದೆ, ಇವತ್ತಿಗೂ ಆಗುತ್ತದೆ. ಮಗನನ್ನು ಶಾಲೆಗೆ ಬಿಟ್ಟು ಗೇಟಿನ ಹೊರಗೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದೆ. ಒಳಗೆ ಯಾರೋ ಟೀಚರ್ ಮಗ್ಗಿ ಹೇಳಿಸುತ್ತಿದ್ದರು. ಸುಳ್ಳೇಕೆ ಹೇಳಲಿ, ಹೊಟ್ಟೆ ಉರಿಯುತ್ತಿತ್ತು.