ತೋಪಿನ ಕಟ್ಟೆ ನೋಡಿ ಬಂದಮೇಲೆ

ನನ್ನ ಅತ್ತೆಯ ತಂದೆ ಕಂಪ್ಲಿಯಲ್ಲಿ ಗಾರೆ ಕೆಲಸ ಮಾಡುತ್ತಿದ್ದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಕಡಲ ದಂಡೆಗೆ ತೋಪು, ಅಂದರೆ ಫಿರಂಗಿ, ಕೂಡಿಸುವ ಕಟ್ಟೆ ಕಟ್ಟಲು ಹೋದವರು ತಿರುಗಿ ಬರಲಿಲ್ಲ. ಹೆಣ ಬರಲಿಲ್ಲ, ಸುದ್ದಿಯೂ ಬರಲಿಲ್ಲ. ಅತ್ತೆ ಆಗ ಮೊಲೆಹಾಲಿನ ಕೂಸು. ಅವರ ತಾಯಿ ಕುಂಕುಮ ಅಳಿಸಲಿಲ್ಲ, ಮುಪ್ಪಿನಲ್ಲಿ ಹಸಿರು ಬಳೆ ತೊಟ್ಟೇ ಕಣ್ಣು ಮುಚ್ಚಿದರು. ಮುತ್ತೈದೆಯ ಗಂಡನನ್ನು ಸತ್ತವರ ಸಾಲಿಗೆ ಸೇರಿಸುವವರಾರು? ಗಂಡುಮಕ್ಕಳಿಲ್ಲದ ಮನೆಯಾದ್ದರಿಂದ ಆ ತಾಯಿಯ ಎಡೆ ನಮ್ಮಲ್ಲೇ. ಮಹಾಲಯ ಅಮಾವಾಸ್ಯೆಗೆ ಎಲ್ಲ ಹಿರಿಯರಿಗೂ ಎಲೆ ಹಾಕುತ್ತೇವೆ, ಅತ್ತೆಯ ತಂದೆಗೆ ಮಾತ್ರ ಹಾಕಿದ್ದಿಲ್ಲ.

ಹೋದ ವರ್ಷ ಹೊಸಪೇಟೆಯ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅತ್ತೆ ನನ್ನ ಸೆರಗಿನ ತುದಿ ಹಿಡಿದುಕೊಂಡರು. "ನಾ ಹೋದ್ರ ನಮ್ಮಪ್ಪಗ ಯಾರದಾರಬೇ? ಆ ಜಾಗದ ಹಿಡಿ ಮಣ್ಣು ತಂದು ಹೊಳಿಗೆ ಬಿಡೋಣ. ಹಿರೇರಾಗ ಸೇರಿಸಿಬಿಡೋಣ."

ತಂದೆ ಕೆಲಸಕ್ಕೆ ಹೋದ ಊರಿನ ಹೆಸರನ್ನು ಅವರ ತಾಯಿ ಮಗಳಿಗೆ ಬಾಯಿಪಾಠ ಮಾಡಿಸಿದ್ದರು. ಮೈ ಚೇತರಿಸಿಕೊಂಡ ಮೇಲೆ ನಾನು, ನನ್ನ ಗಂಡ, ಅತ್ತೆ ಹೊಸಪೇಟೆಯಲ್ಲಿ ರೈಲು ಹತ್ತಿದೆವು. ಮಣ್ಣು ತರಲೆಂದು ಅತ್ತೆ ಹಳೆಯ ರವಿಕೆಯ ಬಟ್ಟೆಯಲ್ಲಿ ಚೀಲ ಹೊಲಿದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಕಾನ್ವೆಂಟಿನಲ್ಲಿ ನಾನು ಓದಿದ ಯುದ್ಧದ ಪಾಠದಲ್ಲಿ ದೂರ ದೇಶಗಳ ಹೆಸರುಗಳಿದ್ದವು. ಕಂಪ್ಲಿ ಇರಲಿಲ್ಲ.

ಕಡಲ ಪಕ್ಕದ ಗುಡ್ಡದ ಮೇಲೆ, ಗೇರುಮರಗಳ ನಡುವೆ ಇದ್ದದ್ದು ಸಿಮೆಂಟಿನ ದುಂಡನೆಯ ಗುಣಿ. ತಳದಲ್ಲಿ ಸುತ್ತಲೂ ತುಕ್ಕು ಹಿಡಿದ ಬೋಲ್ಟುಗಳು. ತೋಪು ಎಂದೋ ಹೋಗಿತ್ತು. ಗೋಡೆಯ ಮೇಲೆ ಸಿಮೆಂಟು ಸುರಿಯಲು ಕಟ್ಟಿದ್ದ ಹಲಗೆಯ ಗೆರೆಗಳು, ಮರದ ಗಂಟಿನ ಅಚ್ಚು ಕೂಡ ಹಾಗೇ ಉಳಿದಿದ್ದವು. ಒಳಗೆ ಆಡಿನ ಹಿಕ್ಕೆ, ಒಡೆದ ಬಾಟಲಿ.

"ಹಂಪಿ ಬಿದ್ರೂ ಹಂಪಿನ ಐತಿ. ಇದೇನಲೇ, ದನಕ್ಕ ನೀರು ಕುಡಿಸೋ ತೊಟ್ಟಿ ಇದ್ದಂಗೈತಿ!" ಎಂದು ಅತ್ತೆ ಮಗನನ್ನು ಛೇಡಿಸಿದರು. ಆಮೇಲೆ ಗೋಡೆಯ ಮೇಲೆ ಅಂಗೈ ಇಟ್ಟರು.

ಪಕ್ಕದಲ್ಲಿ ಒಣಮೀನು ಹರವುತ್ತಿದ್ದ ಹೆಂಗಸು ಎದ್ದು ಬಂದಳು. ನಾವು ಬಂದ ಕಾರಣ ಹೇಳಿದೆ.

"ಯುದ್ಧದಲ್ಲಿ ತೀರಿಹೋದ್ರಾ? ಇಲ್ಲಿ ಯುದ್ಧ ಎಲ್ಲಿ ಆಯ್ತು ಮಾರಾಯ್ತಿ! ತೋಪು ತಂದು ಇಟ್ಟದ್ದೇ ಬಂತು, ಒಂದು ಗುಂಡು ಸಹ ಹಾರಿಸ್ಲಿಲ್ಲ ಅಂತ ನಮ್ಮಜ್ಜಿ ನಗಾಡ್ತಿದ್ರು. ಕೆಲಸ ಮುಗಿದ್ಮೇಲೆ ಕೂಲಿಯವರೆಲ್ಲ ಹೊರಟುಹೋದ್ರಂತೆ. ಕೆಲವರು ಊರಿಗೆ, ಕೆಲವರು ಹಡಗು ಹತ್ತಿ ಎಲ್ಲಿಗೋ."

"ಜ್ವರ ಗಿರ ಬಂದು ಯಾರಾದ್ರೂ ಸತ್ತಿದ್ರೇನು?" ನನ್ನ ಗಂಡ ಕೇಳಿದರು.

"ಅದೆಲ್ಲ ನನಗೆ ಹೇಗೆ ಗೊತ್ತು?"

ಅತ್ತೆ ಅಂಗೈ ತೆಗೆದರು. ಸಿಮೆಂಟಿನ ಪುಡಿ ಅಂಟಿತ್ತು, ಅದನ್ನು ಸೀರೆಗೆ ಒರೆಸಿಕೊಂಡರು. ನಾನು ಮಣ್ಣಿಗೆ ಬಾಗಿದಾಗ, "ಬ್ಯಾಡ ಬಿಡು" ಎಂದರು. ರೈಲಿನಲ್ಲಿ ಕತ್ತಲಾಗುವ ಮುಂಚೆ ಒಮ್ಮೆ, "ಸತ್ತಾನಂತ ಅಂದ್ಕೊಂಡ್ರ ಹಗುರಿತ್ತು. ಬದುಕಿದ್ದೂ ಬರಲಿಲ್ಲಂದ್ರ ನಮ್ಮವ್ವ ಯಾರಿಗೆ ಕುಂಕುಮ ಹಚ್ಕಂಡ್ಲು?" ಎಂದರು. ಗಂಡ ಚಹಾ ಕೊಡಿಸಿದರು. ಅದು ಕೆನೆಗಟ್ಟಿ ತಣ್ಣಗಾಯಿತು. ಕರೆದುಕೊಂಡು ಹೋಗದಿದ್ದರೇ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಈ ಸಲದ ಅಮಾವಾಸ್ಯೆಗೆ ಕಂಪ್ಲಿಯ ಮನೆಯಲ್ಲಿ ಹೋಳಿಗೆ ಬೇಯಿಸುತ್ತ ಮೆಲ್ಲಗೆ ಕೇಳಿದೆ: "ಅತ್ತಿ, ಅಜ್ಜಾರಿಗೂ ಎಡಿ ಇಡೋಣೇನ್ರಿ? ಅವರಿಗೇನು ಸೇರ್ತಿತ್ತು?"

"ನಂಗೇನು ಗೊತ್ತವ್ವ. ಹೇಳೋರು ಯಾರೂ ಉಳಿದಿಲ್ಲ."

ಹಿರಿಯರ ಹೆಸರಿಗೆ ಎಲೆಗಳನ್ನು ಹಾಕಿಯಾದ ಮೇಲೆ ಅತ್ತೆ ಇನ್ನೊಂದು ಬಾಳೆಲೆ ತೊಳೆದರು. ತಾಯಿಯ ಎಲೆಯ ಪಕ್ಕಕ್ಕೆ ತಂದು, ಬಗ್ಗಿ, ಮತ್ತೆ ಎದ್ದರು. ಗೋಡೆ ಹಿಡಿದುಕೊಂಡು ನಡೆದು ತಲೆಬಾಗಿಲ ಹೊಸ್ತಿಲ ಒಳಗೆ ಹಾಸಿ, ತಾವೇ ಬಡಿಸಿದರು. ಸತ್ತ ಹಿರಿಯರಿಗೆ ಇಡುವಂತೆ ಹೊಸ ಪಂಚೆ ಇಡಲಿಲ್ಲ, ಊದುಬತ್ತಿ ಹಚ್ಚಲಿಲ್ಲ.

"ಸತ್ತಿದ್ರ ಒಳಗ ಬಂದು ಉಣ್ತಾನ. ಇಲ್ಲಂದ್ರ ಹಾದ್ಯಾಗಿಂದ ಬಂದೋರಿಗೆ ಇಟ್ಟಂಗಾತು."

ಉಳಿದ ಎಡೆಗಳನ್ನು ನಾವು ಹಂಚಿಕೊಂಡು ಉಂಡೆವು. ಹೊಸ್ತಿಲ ಎಲೆಯನ್ನು ಮುಟ್ಟಲು ಅತ್ತೆ ಬಿಡಲಿಲ್ಲ. ಹೊರಗೆ ಹೋಗುವವರು ದಾಟಿಕೊಂಡೇ ಹೋದರು. ಸಂಜೆಗೆ ಎಲೆಯ ಅಂಚು ಸುರುಳಿಯಾಗಿ, ಅನ್ನ ಬಿರುಸಾಗಿ, ತುಪ್ಪದ ಸುತ್ತ ಇರುವೆಗಳು ಸೇರಿದ್ದವು. ಅತ್ತೆ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದರು.