ಹರವಿಯ ತಳದ ಅರಳಿ

ಬಾವಿಯ ಗೋಡೆಯಲ್ಲಿ ಅರಳಿ ಸಸಿ ಹುಟ್ಟಿದರೆ ಅದನ್ನು ಮಕ್ಕಳೊಂದಿಗರು ಕೀಳಬಾರದು. ಹತ್ತಿಮತ್ತೂರಿನಿಂದ ಮದುವೆಯಾಗಿ ನಾನು ಬಂದು ಸೇರಿದ ಸವಣೂರಿನ ಮನೆಯಲ್ಲಿ ಇದು ಕಟ್ಟುನಿಟ್ಟಿನ ನೇಮ. ಬಿಟ್ಟರೆ ಬಾವಿ ಸೀಳುತ್ತದೆ, ಕಿತ್ತರೆ ವಂಶಕ್ಕೆ ಕೇಡು. ಅದಕ್ಕೊಂದು ಉಪಾಯ ಮಾಡಿಕೊಂಡಿದ್ದರು. ಆಯಿಯನ್ನು ಕರೆಯುತ್ತಿದ್ದರು.

ಆಯಿ ನನ್ನ ಮಾವನ ಅಕ್ಕ. ಹದಿಮೂರಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಮಕ್ಕಳಿಲ್ಲ. ಅವಳು ಕಿತ್ತರೆ ಹೋಗುವಂಥದ್ದು ಏನಿದೆ ಎಂಬುದು ಎಲ್ಲರ ವಿಚಾರ. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವಳಿಗೇ ಗೊತ್ತಿತ್ತು. ಕರೆದಾಗ ಸೆರಗು ಸಿಕ್ಕಿಸಿಕೊಂಡು ಬಾವಿಗೆ ಇಳಿಯುತ್ತಿದ್ದಳು.

ನಾನು ಹುಟ್ಟುವ ಮೊದಲೇ ಹಾಗೆ ಕಿತ್ತ ಒಂದು ಸಸಿಯನ್ನು ಎಸೆಯಲು ಅವಳಿಗೆ ಮನಸ್ಸಾಗಲಿಲ್ಲವಂತೆ. ನೀರು ತುಂಬುವ ದೊಡ್ಡ ಹರವಿಯೊಂದು ಒಡೆದು ಬಿದ್ದಿತ್ತು. ಅದರ ತಳಕ್ಕೆ ತೂತು ಹಾಕಿ, ಮಣ್ಣಿಗೆ ಮರಳು, ಇಟ್ಟಂಗಿಯ ಚೂರು ಬೆರೆಸಿ ನೆಟ್ಟಿದ್ದಳು. ನಾನು ಬರುವಷ್ಟರಲ್ಲಿ ಅದಕ್ಕೆ ಇಪ್ಪತ್ತು ವರ್ಷ. ಎತ್ತರ ಮಾತ್ರ ಒಂದೂವರೆ ಮೊಳ. ಬೊಡ್ಡೆ ನನ್ನ ಮುಂಗೈಯಷ್ಟು ದಪ್ಪ, ಎಲೆಗಳು ಹೆಬ್ಬೆರಳಿನಷ್ಟು. ಸವಣೂರಿನ ಆನೆಗಾತ್ರದ ದೊಡ್ಡ ಹುಣಸೆ ಮರಗಳನ್ನು ನೋಡಲು ಜನ ದೂರದಿಂದ ಬರುತ್ತಿದ್ದರು. ಈ ಗಿಡವನ್ನು ನೋಡಲು ಯಾರೂ ಬರಲಿಲ್ಲ. ಗಿಡ ಗಿಡ್ಡವಾಗೇ ಉಳಿಯುವಂತೆ ಬೇರು ಕೊಯ್ಯುವ ಕಲೆಯನ್ನು ಅವಳಿಗೆ ಹೇಳಿಕೊಟ್ಟವರು ನವಾಬರ ತೋಟದಲ್ಲಿ ಮಾಲಿಯಾಗಿದ್ದ ನೆರೆಮನೆಯ ಮುದುಕರು, ಅದೂ ಹಿತ್ತಲ ಗೋಡೆಯ ಆಚೆಯಿಂದ.

ಎರಡು ವರ್ಷಕ್ಕೊಮ್ಮೆ, ಮೊದಲ ಮಳೆ ಬಿದ್ದ ಮೇಲೆ, ಆಯಿ ಗಿಡವನ್ನು ಮಣ್ಣಿನ ಸಮೇತ ಎತ್ತಿ ಸುತ್ತಲಿನ ಬೇರನ್ನು ಕೊಯ್ಯುತ್ತಿದ್ದಳು. ಆ ದಿನ ನನ್ನ ಅತ್ತೆ ಹಿತ್ತಲಿಗೆ ಕಾಲಿಡುತ್ತಿರಲಿಲ್ಲ. ನನ್ನ ಮೊದಲ ಬಸಿರು ಐದು ತಿಂಗಳಿಗೆ ಹೋಯಿತು. ಎರಡನೆಯದು ಹೆಣ್ಣು, ಹನ್ನೊಂದು ದಿನ ಇತ್ತು. ತೊಟ್ಟಿಲನ್ನು ಅಟ್ಟಕ್ಕೆ ಏರಿಸುವಾಗ ಅತ್ತೆ ಎಲ್ಲರಿಗೂ ಕೇಳುವಂತೆ ಅಂದರು, "ಮನ್ಯಾಗ ಅರಳಿ ಬೇರು ಕೊಯ್ಯೋರು ಇದ್ರ ತೊಟ್ಟಿಲು ಹೆಂಗ ತುಂಬತೈತಿ?" ಆಯಿ ಒಲೆಯ ಮುಂದೆ ಕೂತಿದ್ದಳು. ಒಲೆಗೆ ಇನ್ನೊಂದು ಕಟ್ಟಿಗೆ ಸರಿಸಿದಳು. ನನಗೆ ಆಗ ಅತ್ತೆಯ ಮಾತು ಕೆಟ್ಟದೆನಿಸಲಿಲ್ಲ ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಎದೆಹಾಲು ಇನ್ನೂ ಬತ್ತಿರಲಿಲ್ಲ. ತಪ್ಪನ್ನು ಯಾರ ಮೇಲಾದರೂ ಹಾಕಬೇಕಿತ್ತು.

ಯುದ್ಧ ನಡೆದಿದ್ದ ಒಂದು ವರ್ಷ ಆಯಿ ಬೇರು ಕೊಯ್ದ ಮೂರನೆಯ ದಿನಕ್ಕೇ ಹಿರೇಕೆರೂರಿನಿಂದ ಅವಳ ತಂಗಿ ಹಾಸಿಗೆ ಹಿಡಿದಿದ್ದಾಳೆಂದು ಸುದ್ದಿ ಬಂತು. ದುಡಿಯಲು, ಆರೈಕೆ ಮಾಡಲು ಅವಳನ್ನು ಎಲ್ಲರೂ ಕರೆಯುತ್ತಿದ್ದರು. ಹೊರಡುವ ಮುನ್ನ ನನ್ನನ್ನು ಹಿತ್ತಲಿಗೆ ಕರೆದೊಯ್ದಳು.

"ಎಲಿ ಎಲ್ಲಾ ಉದುರಿ ಬೋಳ ಆಗತೈತಿ, ಹೆದರಬ್ಯಾಡ. ಸತ್ತಂಗ ಕಾಣತೈತಿ, ಸತ್ತಿರೂದಿಲ್ಲ. ಬೆರಳು ಒಂದು ಗೆಣ್ಣಿನಷ್ಟು ಮಣ್ಣಾಗ ಇಳಿಸಿ ನೋಡು. ಹಸಿ ಹತ್ತಿದ್ರ ಒಂದು ಹನಿ ನೀರೂ ಬ್ಯಾಡ. ಒಣಗಿದ್ರ ಹಾಕು, ಹಾಕಿದ ನೀರು ತಳದ ತೂತಿಲೆ ಇಳದು ಹೋಗಬೇಕು. ಮಳಿಗೆ ಬ್ಯಾಡ, ಬಿಸಲಿಗೆ ಬ್ಯಾಡ, ಮನಿ ಒಳಗಂತೂ ಬ್ಯಾಡ ಬ್ಯಾಡ. ಈ ಸೂರಿನ ಕೆಳಗ ಇರ್ಲಿ. ಕೆಂಪು ಚಿಗುರು ಬಂದಮ್ಯಾಲೆ ಬಿಸಲು ತೋರಸು."

"ಹೂನ್ರಿ ಆಯಿ."

"ಇದೊಂದನ್ನ ಉಳಿಸಿಕೊಡು ಯವ್ವಾ. ಈ ಮನ್ಯಾಗ ನಂದು ಅನ್ನೂದು ಇಷ್ಟ ಐತಿ."

ಯುದ್ಧದಿಂದ ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ಬಸ್ಸಿನಲ್ಲಿ ಕೂತು ಹೋದಳು. ಸೀರೆಯ ಗಂಟೊಂದು ಬಿಟ್ಟರೆ ಕೈಯಲ್ಲಿ ಏನೂ ಇರಲಿಲ್ಲ.

ಎಂಟು ದಿನ ಅವಳು ಹೇಳಿದ ಹಾಗೆಯೇ ನಡೆದೆ. ಎಲೆಗಳೆಲ್ಲ ಉದುರಿದವು. ಅವಳು ಮೊದಲೇ ಹೇಳಿದ್ದರೂ ಕಣ್ಣೆದುರು ಆ ಬೋಳು ಕಡ್ಡಿ ನಿಂತಾಗ ಸತ್ತೇ ಹೋಯಿತು ಅನ್ನಿಸಿತು. ಅತ್ತೆ ಬಂದು ನೋಡಿದರು. ಈ ಸಲ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಅವರೂ ಮೊಮ್ಮಗುವನ್ನು ಎತ್ತಿಕೊಂಡು ಹನ್ನೊಂದು ದಿನ ತಿರುಗಿದವರಲ್ಲವೆ.

"ಮಕ್ಕಳಾಗ್ಲಿ ಅಂತ ಊರಾಗಿನ ಕಟ್ಟಿ ಅರಳಿ ಸುತ್ತಿ ಏನ್ ಮಾಡ್ತಿ? ಬೇರು ಕೊಯ್ದದ್ದು ಇದರದ್ದು. ತಪ್ಪಾತು ಅನ್ನೂದೂ ಇದಕ್ಕ ಅನಬೇಕು," ಅಂದರು.

ಗಿಡವನ್ನು ಎತ್ತಿ ಪಡಸಾಲೆಗೆ ತಂದೆವು. ಬೊಡ್ಡೆಗೆ ಅರಿಷಿಣ ಹಚ್ಚಿ ಕುಂಕುಮವಿಟ್ಟೆವು. ದಿನಾ ಮುಂಜಾನೆ ಮಿಂದು ನೂರೆಂಟು ಸುತ್ತು, ಸುತ್ತಿಗೊಂದು ಸೌಟು ನೀರು, ಕೊನೆಗೆ ಒಂದು ಬಟ್ಟಲು ಹಾಲು. ದೇವರಿಗೆ ಎರೆದ ನೀರು ಹರಿದು ಕಾಲಿಗೆ ತಾಗಬಾರದು ಎಂದು ಅತ್ತೆ ಕೆಳಗೆ ಅಂಚು ಎತ್ತರವಿದ್ದ ದೊಡ್ಡ ಹಿತ್ತಾಳೆ ತಟ್ಟೆ, ಪರಾತವಿಟ್ಟರು. ಅದರಲ್ಲಿ ತುಂಬಿದ ನೀರನ್ನು ಸಂಜೆ ತುಳಸಿಗೆ ಹಾಕುತ್ತಿದ್ದೆ. ಅಲ್ಲಿಯವರೆಗೆ ಗಿಡ ಆ ನೀರಿನಲ್ಲೇ ಕೂತಿರುತ್ತಿತ್ತು. ತೂತು ನೀರಿನೊಳಗೇ ಇರುವಾಗ ಮಣ್ಣಿನ ನೀರು ಎಲ್ಲಿಗೆ ಇಳಿದೀತು? ಅಷ್ಟು ಬುದ್ಧಿ ನನಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇತ್ತು. ಮಣ್ಣಿಗೆ ಬೆರಳಿಳಿಸಿದರೆ ಅದು ಹಸಿಯಾಗೇ ಬರುತ್ತದೆಂದು ಗೊತ್ತಿದ್ದೇ ನಾನು ಬೆರಳಿಳಿಸುವುದನ್ನು ಬಿಟ್ಟೆ.

ಪೂಜೆ ಹಿಡಿದ ಹನ್ನೆರಡನೆಯ ದಿನ ಎರಡು ಕೆಂಪು ಚಿಗುರು ಕಂಡವು. ಅತ್ತೆ ಗಿಡದ ಮುಂದೆ ಕೂತು ಅತ್ತುಬಿಟ್ಟರು. ನನಗೂ ಅಳು ಬಂತು. ಮರುದಿನದಿಂದ ಹಾಲನ್ನು ಎರಡು ಬಟ್ಟಲು ಮಾಡಿದೆವು. ವಾರದೊಳಗೆ ಚಿಗುರಿನ ತುದಿ ಕಪ್ಪಾಯಿತು. ಸಾಲದೇನೋ ಎಂದು ನೀರನ್ನೂ ಹೆಚ್ಚಿಸಿದೆವು. ಆಮೇಲೆ ಮಣ್ಣಿನಿಂದ ಹುಳಿ ವಾಸನೆ ಬರತೊಡಗಿತು. ಉಗುರಿನಿಂದ ತೊಗಟೆ ಕೆರೆದು ನೋಡಿದರೆ ಒಳಗೆ ಹಸಿರಿರಲಿಲ್ಲ.

ಆಯಿ ಒಂದೂವರೆ ತಿಂಗಳಿಗೆ ಬಂದಳು. ತಂಗಿ ಉಳಿದಿದ್ದಳು. ಬರುವ ಸುದ್ದಿ ಹಿಂದಿನ ದಿನವೇ ಮುಟ್ಟಿತ್ತು. ನಾನು ಅರಿಷಿಣ ಒರೆಸಿ, ಪರಾತ ತೊಳೆದು, ಗಿಡವನ್ನು ಅವಳು ಇಟ್ಟಿದ್ದ ಜಾಗದಲ್ಲೇ ಇಟ್ಟಿದ್ದೆ. ಅವಳು ಗಂಟನ್ನೂ ಇಳಿಸದೆ ಹಿತ್ತಲಿಗೆ ನಡೆದಳು. ಬೊಡ್ಡೆ ಹಿಡಿದು ಮೆಲ್ಲಗೆ ಎಳೆದಾಗ ಗಿಡ ತಡೆಯಿಲ್ಲದೆ ಮೇಲೆ ಬಂತು. ಬೇರುಗಳು ಕಪ್ಪಾಗಿ, ಬೆರಳು ತಾಗಿದಲ್ಲೆಲ್ಲ ಸುಲಿದು ಬೀಳುತ್ತಿದ್ದವು.

"ನೀರು ಎಷ್ಟು ಹಾಕಿದಿ?"

ಅತ್ತೆ ಬಾಗಿಲ ಹಿಂದೆ ನಿಂತಿದ್ದರು. ನಾನು ನೆಲ ನೋಡುತ್ತ ಅಂದೆ, "ನೀವು ಹೇಳಿದಷ್ಟ ಹಾಕೇನ್ರಿ ಆಯಿ."

ಅವಳು ನಂಬಿದಳು. ನಾನು ಸುಳ್ಳು ಹೇಳಿಯೇನು ಎಂದು ಅವಳಿಗೆ ಹೊಳೆಯಲೇ ಇಲ್ಲ. ಬೇರಿನ ಕೊಯ್ದ ತುದಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಳು.

"ಈ ಸಲ ಭಾಳ ಒಳಗ ಕೊಯ್ದೇನಿ," ಅಂದಳು. "ಗಾಯಕ್ಕ ಕೊಳಿ ಹತ್ತೇತಿ. ನನ್ನ ಕೈಲೇ ಹೋತು."

ಅಲ್ಲ ಎಂದು ಒಂದು ಮಾತು ಅನ್ನಬಹುದಿತ್ತು. ಅನ್ನಲಿಲ್ಲ. ಅವಳು ಬೈಯುತ್ತಾಳೆಂಬ ಭಯವಲ್ಲ, ಅವಳು ಯಾರನ್ನೂ ಬೈದವಳಲ್ಲ. ನನ್ನ ಕೈಯಲ್ಲಿ ಮೂರನೆಯದೂ ಉಳಿಯಲಿಲ್ಲ ಎಂದು ಒಪ್ಪಿಕೊಳ್ಳಲು ನನ್ನಿಂದಾಗಲಿಲ್ಲ.

ಎರಡು ವರ್ಷದ ಮೇಲೆ ನನಗೆ ಮಗ ಹುಟ್ಟಿದ. ಉಳಿದ. ಅರಳಿ ತಾನು ಹೋಗಿ ಕೂಸನ್ನು ಕೊಟ್ಟಿತು ಎಂದು ಅತ್ತೆ ಕೇರಿಯಲ್ಲೆಲ್ಲ ಹೇಳಿದರು. ಹೆಸರಿಡುವ ದಿನ ಆಯಿ ತೊಟ್ಟಿಲ ಹತ್ತಿರ ಬರಲಿಲ್ಲ, ಬರುವ ಹಾಗೂ ಇರಲಿಲ್ಲ. ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದಳು.

ಅದೇ ಮಳೆಗಾಲ ಬಾವಿಯ ಗೋಡೆಯಲ್ಲಿ ಮತ್ತೊಂದು ಅರಳಿ ಸಸಿ ಹುಟ್ಟಿತು. ಕರೆದರು. ಆಯಿಗೆ ಮೊಣಕಾಲು ನೋವಿತ್ತು, ಆದರೂ ಇಳಿದಳು. ಬೇರು ಎಲ್ಲೂ ಹರಿಯದ ಹಾಗೆ, ಎಂದಿನ ನಾಜೂಕಿನಿಂದ ಕಿತ್ತು ತಂದಳು. ನಾನು ಮಗನನ್ನು ಸೊಂಟದ ಮೇಲಿಟ್ಟುಕೊಂಡು, ಹರವಿಯ ಆ ತಳವನ್ನು ತೊಳೆದು ಅವಳ ಮುಂದಿಟ್ಟೆ.

"ಇದರಾಗ ಹಚ್ಚರಿ ಆಯಿ," ಅಂದೆ.

"ಬ್ಯಾಡ ಯವ್ವಾ. ಮನ್ಯಾಗಿನವರು ಹೇಳೂದು ಖರೇನ ಐತಿ. ನನ್ನ ಕೈಯಾಗ ಯಾವುದೂ ಉಳಿಯೂದಿಲ್ಲ."

ಸಸಿಯನ್ನು ತಿಪ್ಪೆಗೆ ಎಸೆದು, ಕೈ ತೊಳೆದುಕೊಂಡು ಒಳಗೆ ಹೋದಳು. ನೂರೆಂಟು ಸೌಟು ನೀರಿನ ಮಾತನ್ನು ನಾನು ಆಗಲೂ ಹೇಳಲಿಲ್ಲ.